ಮೂರನೆಯ ಪೋರ್ಟ್

ಅತ್ತಿಬೆಲೆಯ ಆ ಕಾರ್ಖಾನೆಯಲ್ಲಿ ಮಹಾನಂದಾ ಪರೀಕ್ಷಿಸುತ್ತಿದ್ದ ನೆಟ್‌ವರ್ಕ್ ಬೋರ್ಡುಗಳು ಇಂಟರ್‌ನೆಟ್ಟಿನ ಮುಖವನ್ನೇ ಕಂಡಿರಲಿಲ್ಲ. ಲ್ಯಾಬಿಗೆ ಹೊರಗಿನ ಲೈನ್ ಇರಲಿಲ್ಲ. ಬೋರ್ಡಿನ ನಾಲ್ಕು ಪೋರ್ಟುಗಳಿಗೆ ನಾಲ್ಕು ಗಿಡ್ಡ ಪ್ಲಗ್ ಚುಚ್ಚಬೇಕು. ಬೋರ್ಡ್ ಕಳಿಸಿದ್ದನ್ನು ಪ್ಲಗ್ ಬೋರ್ಡಿಗೇ ಹಿಂದಿರುಗಿಸುತ್ತದೆ. ಹೋದದ್ದು ಬಂದರೆ ಪಾಸು, ಬಾರದಿದ್ದರೆ ಫೇಲು. ಎರಡು ಸಲ ನೋಡದೆ ಯಾವ ಬೋರ್ಡನ್ನೂ ಕೆಳಗಿಟ್ಟವಳಲ್ಲ ಅವಳು.

ಆ ವಾರ ಮೂರನೆಯ ಪೋರ್ಟ್ ಮೇಲಿಂದ ಮೇಲೆ ಫೇಲಾಯಿತು. ಹದಿನೆಂಟು ಬೋರ್ಡು. ಅವಕ್ಕೆ ಬೆಸುಗೆ ಹಾಕಿದವಳು ಭುವನೇಶ್ವರಿ. ಇಬ್ಬರೂ ಇಂಡಿ ಕಡೆಯ ಒಂದೇ ಊರಿನವರು, ಒಂದೇ ಬಾಡಿಗೆ ಕೋಣೆಯಲ್ಲಿದ್ದವರು. ಶುಕ್ರವಾರ ಭುವನೇಶ್ವರಿಯನ್ನು ಕೆಲಸದಿಂದ ತೆಗೆದರು.

ಶನಿವಾರ ಹೊಸಬಳು ಬೆಸೆದ ಮೊದಲ ಬೋರ್ಡೂ ಮೂರರಲ್ಲೇ ಫೇಲಾಯಿತು. ಮಹಾನಂದಾ ಆ ಪೋರ್ಟಿನ ಪ್ಲಗ್ ಕಿತ್ತು ಬೆಳಕಿಗೆ ಹಿಡಿದಳು. ಸಾವಿರಾರು ಸಲ ಚುಚ್ಚಿ ಚುಚ್ಚಿ ಅದರ ಒಂದು ತಂತಿ ಒಳಕ್ಕೆ ಕುಸಿದಿತ್ತು. ಬೇರೆ ಪ್ಲಗ್ ಹಾಕಿದಳು, ಬೋರ್ಡ್ ಪಾಸಾಯಿತು. ಹದಿನೆಂಟನ್ನೂ ಎರಡೆರಡು ಸಲ ನೋಡಿದ್ದಳು ನಿಜ. ಎರಡೂ ಸಲ ಅದೇ ಪ್ಲಗ್ಗಿನಲ್ಲಿ.

ಇಂಜಿನಿಯರ್ ಋಷಿಕೇಶ್ ಪ್ಲಗ್ಗನ್ನು ನೋಡಿ ಮೇಜಿನ ಮೇಲಿಟ್ಟ.

"ಆ ಬೋರ್ಡ್‌ಗಳನ್ನ ನಿನ್ನೆನೇ ಪುಡಿ ಮಾಡಕ್ಕೆ ಕಳಿಸಾಯ್ತಲ್ಲ. ಕಸ್ಟಮರ್‌ಗೆ ರಿಪೋರ್ಟೂ ಹೋಗಿದೆ. ಈಗ ಯಾವುದನ್ನ ಟೆಸ್ಟ್ ಮಾಡಿ ತೋರಿಸ್ತೀರಾ?"

"ತಪ್ಪು ನಂದೈತ್ರಿ ಸಾರ್. ನನ್ನ ತಗೀರಿ, ಆಕಿನ್ನ ಕರಸ್ರಿ."

"ಹಂಗೆಲ್ಲ ಆಗಲ್ಲ. ಆಮೇಲೆ ಇಬ್ರನ್ನೂ ತೆಗೀತಾರೆ. ಹೋಗಿ, ಕೆಲಸ ನೋಡ್ಕೊಳ್ಳಿ."

ಸಂಜೆ ಕೋಣೆಯಲ್ಲಿ ಭುವನೇಶ್ವರಿ ಚೀಲ ತುಂಬುತ್ತಿದ್ದಳು.

"ಪ್ಲಗ್ ಕೆಟ್ಟಿತ್ತವ್ವಾ. ನಿನ್ನ ಬೆಸಿಗಿ ಚಲೋನೇ ಇತ್ತು."

ಭುವನೇಶ್ವರಿ ಸೀರೆ ಮಡಿಸುವುದನ್ನು ನಿಲ್ಲಿಸಲಿಲ್ಲ. "ನಿನ್ನಿಯಿಂದ ನನ್ನ ಕೈನೇ ನೋಡ್ಕೋತ ಕುಂತೀನಿ, ಎಲ್ಲಿ ನಡಗ್ತಾವು ಅಂತ. ಸಾಹೇಬ್ರಿಗೆ ಹೇಳಿದೇನು?"

"ಹೇಳೀನಿ. ಆಗಂಗಿಲ್ಲಂತ."

"ಹಂಗಾರ ಆ ಪ್ಲಗ್ಗರೆ ಕೊಡು. ಊರಾಗ ಕೇಳಿದವರಿಗೆ ತೋರಸ್ತೀನಿ."

ಅದೂ ಮಹಾನಂದಾಳ ಬಳಿ ಇರಲಿಲ್ಲ, ಋಷಿಕೇಶನ ಮೇಜಿನ ಮೇಲೇ ಉಳಿದಿತ್ತು.

ಸೋಮವಾರ ಅರವತ್ತು ಬೋರ್ಡುಗಳೂ ಪಾಸಾದವು. ಅವುಗಳ ಜೊತೆ ಹೋಗುವ ವರದಿಯಲ್ಲಿ ಒಂದು ಸಾಲಿತ್ತು: ಬೆಸುಗೆಯವರನ್ನು ಬದಲಾಯಿಸಿದ ಮೇಲೆ ದೋಷ ಕಂಡುಬಂದಿಲ್ಲ. ಕೆಳಗೆ ಪರೀಕ್ಷಕರ ಸಹಿಗೆ ಜಾಗ ಬಿಟ್ಟಿದ್ದರು. ಅವಳು ಪೆನ್ನು ಹಿಡಿದು ಆ ಸಾಲನ್ನು ಎರಡು ಸಲ ಓದಿದಳು.

"ಬೇಗ ಮಾಡಿ, ಗೇಟ್ ಹತ್ರ ಗಾಡಿ ಕಾಯ್ತಿದೆ," ಎಂದ ಋಷಿಕೇಶ್.

ಸಹಿ ಹಾಕಿದಳು.