ಬೂದಿಮಣ್ಣಿನಲ್ಲಿ ಒಂದು ಹಿಡಿ ಕೆಮ್ಮಣ್ಣು

ಕಮಲಾಪುರದ ಕೆಂಬಾಳೆ ತೋಟಗಳಾಚೆಯ ದಿಬ್ಬದ ಮೇಲೆ ಇನ್ನೂ ಸೂರ್ಯ ಮೂಡಿಲ್ಲ. ಸಾಬಮ್ಮ ಆಗಲೇ ಉತ್ಖನನದ ಗುಂಡಿಗಿಳಿದು ಮಂಡಿಯೂರಿ ಕೂತಿದ್ದಾರೆ. ಮುಂದೆ, ಮೊಣಕಾಲು ಮಡಚಿ ಮಲಗಿದ ಒಂದು ಅಸ್ಥಿಪಂಜರ. ಅದರ ಪಕ್ಕೆಲುಬುಗಳ ನಡುವಿನ ಕೆಮ್ಮಣ್ಣನ್ನು ಬಿದಿರುಕಡ್ಡಿಯಿಂದ ಬಿಡಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಾರೆ. ಆ ಮಣ್ಣು ಅವರೇ ಹಾಕಿದ್ದು. ಸಾಹೇಬರು ಬರುವುದರೊಳಗೆ ತೆಗೆದುಬಿಟ್ಟರೆ ಕೆಲಸ ಉಳಿದರೂ ಉಳಿದೀತು.

ಗುಂಡಿಯಲ್ಲಿರುವವನು ಕಬ್ಬಿಣ ಕಾಣದ ಕಾಲದವನು. ಪಕ್ಕದಲ್ಲಿ ನುಣುಪಾದ ಕಲ್ಲುಕೊಡಲಿಯಿದೆ. ತೊಡೆಯೆಲುಬು ಮುರಿದು ಸೊಟ್ಟಗೆ ಕೂಡಿಕೊಂಡಿದೆ. "ಮುರಿದ ಮ್ಯಾಲೂ ಭಾಳ ವರ್ಷ ಬದುಕ್ಯಾನ. ಅಂದ್ರ ಯಾರೋ ಉಣಿಸ್ಯಾರ," ಎನ್ನುತ್ತಾರೆ ಅಗೆತದ ಮೇಲ್ವಿಚಾರಕ ಲಾಲ್ ಅಹ್ಮದ್ ಸಾಹೇಬರು. ಅದನ್ನು ಕೇಳಿದಂದಿನಿಂದ ಸಾಬಮ್ಮ ದಿನಾ ಸಂಜೆ, ಯಾರೂ ನೋಡದಂತೆ, ಅವನ ಮೇಲೆ ಒಂದು ಹಿಡಿ ಮಣ್ಣು ಹಾಕಿದ್ದಾರೆ. ಸತ್ತವರಿಗೆ ಮಣ್ಣು ಕೊಡುವುದು ಊರ ರೂಢಿ. ಅಗೆತದಲ್ಲಿ ಮಾತ್ರ ಅದು ಮಹಾಪರಾಧ! ಮೇಲಿನ ಕೆಮ್ಮಣ್ಣು ಕೆಳಗಿನ ಬೂದಿಮಣ್ಣಿಗೆ ಬೆರೆತರೆ ಕಾಲದ ಲೆಕ್ಕವೇ ತಪ್ಪುತ್ತದೆ. ನಿನ್ನೆ, ಕಲಬುರಗಿಯಿಂದ ಪತ್ರಿಕೆಯ ವರದಿಗೆಂದು ಬಂದಿಳಿದ ನನ್ನ ಎದುರಿಗೇ ಅವರು ಸಿಕ್ಕಿಬಿದ್ದರು. ಸಾಹೇಬರು ಕೆಂಡಾಮಂಡಲವಾಗಿ "ನಾಳಿಂದ ಬರಬ್ಯಾಡ" ಅಂದುಬಿಟ್ಟರು.

ಆದರೂ ಬಂದಿದ್ದಾರೆ, ಗಟ್ಟಿ ಹೆಂಗಸು.

ಲಾಲ್ ಅಹ್ಮದ್ ಬಂದು ಗುಂಡಿಯೊಳಗೆ ಬಗ್ಗಿ ನೋಡುತ್ತಾರೆ. "ಯಾಕ ಹಾಕಿದಿ ಸಾಬಮ್ಮ, ಅದನ್ನರ ಹೇಳು."

"ನನ್ನ ಗಂಡ ಮಾಪಣ್ಣ ಹದಿನೈದು ವರ್ಷದ ಹಿಂದ ರಜಾಕಾರರ ಗದ್ದಲದಾಗ ಹೋದಾಂವ ತಿರುಗಿ ಬರಲಿಲ್ರೀ. ಹೆಣಾನೂ ಸಿಗಲಿಲ್ಲ. ಒಂದು ಹಿಡಿ ಮಣ್ಣು ಕೊಡೋದು ಆಗಲಿಲ್ಲ. ಇವಗರ ಕೊಡೂಣಂತ..."

ಸಾಹೇಬರು ಗುಂಡಿಯ ಅಂಚಿನಲ್ಲಿ ಕೂರುತ್ತಾರೆ. "ಪೊಲೀಸ್ ಆ್ಯಕ್ಷನ್ ಆದಾಗ ನಮ್ಮ ಅಣ್ಣನೂ ಹಂಗಾ ಹ್ವಾದ. ನಾನೂ ಮಿಟ್ಟಿ ಕೊಟ್ಟಿಲ್ಲ," ಎನ್ನುತ್ತಾರೆ. ಆಮೇಲೆ ಚಪ್ಪಲಿ ಬಿಟ್ಟು ತಾವೂ ಇಳಿದು, ಕುಂಚ ಹಿಡಿದು ಸಾಬಮ್ಮನ ಎದುರಿಗೆ ಕೂರುತ್ತಾರೆ. ನನ್ನ ಕಣ್ಣು ಮಂಜಾಗುತ್ತದೆ, ಸುಳ್ಳೇಕೆ ಹೇಳಲಿ!

ಮಧ್ಯಾಹ್ನದ ಹೊತ್ತಿಗೆ ಎಲುಬುಗಳೆಲ್ಲ ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆ ಸೇರಿವೆ. "ಈಗ ಹಾಕವಾ, ಯಾವ ಲೆಕ್ಕಾನೂ ಕೆಡಾಂಗಿಲ್ಲ. ನಾಳಿ ಜಲ್ದಿ ಬಾ, ಬಾಜೂ ಗುಂಡಿ ಚಾಲೂ ಮಾಡೋದೈತಿ," ಎನ್ನುತ್ತಾರೆ ಲಾಲ್ ಅಹ್ಮದ್. ಖಾಲಿ ಗುಂಡಿಗೆ ಸಾಬಮ್ಮ ಸೆರಗಿನ ಮಣ್ಣಿನಿಂದ ಒಂದು ಹಿಡಿ ಹಾಕುತ್ತಾರೆ. ಸಾಹೇಬರು ತಮ್ಮ ಪದ್ಧತಿಯಂತೆ ಮೂರು ಹಿಡಿ ಹಾಕುತ್ತಾರೆ.

ಈಗ ಸಮಾಧಾನವಾಯಿತೇ ಎಂದು ಕೇಳುತ್ತೇನೆ. ಸಾಬಮ್ಮ ಸೆರಗು ಝಾಡಿಸಿ ನಗುತ್ತಾರೆ.

"ಅಷ್ಟು ಹಿಂದಿನ ಕಾಲದಾಗೂ ಕುಂಟಗ ಕೂಡಿಸಿ ಉಣಿಸ್ಯಾರಲ್ರೀ. ಅಂದಮ್ಯಾಲ ನಮ್ಮ ಮಾಪಣ್ಣಗೂ ಯಾರರ ಮಣ್ಣು ಕೊಟ್ಟೇ ಇರತಾರ."