ಬೆಲ್ಟು ಜಾರಿದ ತಾಳ

ಆಗೆಲ್ಲ ಗೋವಿನಜೋಳ ಬಿಡಿಸುವ ಮಷೀನು ತಾಳಗುಂದದ ನಮ್ಮ ಕಣಕ್ಕೆ ಬಂತೆಂದರೆ ಮಕ್ಕಳಿಗೆ ಹಬ್ಬ. ಹೊಟ್ಟಿನ ಧೂಳಿಗೆ ಸೀನುತ್ತಲೇ ಕಾಳು ಬಿಡಿಸಿದ ಬೆಂಡಿನ ರಾಶಿಯ ಮೇಲೆ ಜಾರುತ್ತಿದ್ದೆವು, ಅವ್ವ ತಂದ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದೆವು. ಮಷೀನು ಓಡಿಸುವವರು ಶಿರಾಳಕೊಪ್ಪದ ಬಶೀರ್ ಸಾಬರು. ಆಗಾಗ ಬೆಲ್ಟು ಜಾರಿ ಸದ್ದು ಅರೆಕ್ಷಣ ನಿಲ್ಲುತ್ತಿತ್ತು. ಸಾಬರು "ಹೋಯ್!" ಎಂದು ಗದರುತ್ತಿದ್ದರು, ಮತ್ತೆ ಓಡುತ್ತಿತ್ತು.

ಏಳನೇ ಕ್ಲಾಸಿನಲ್ಲಿದ್ದ ನಾನು ಆ ಸದ್ದಿಗೆ ಸ್ವರ ಕಟ್ಟಿದೆ, ಬೆಲ್ಟು ಜಾರುವ ಜಾಗವನ್ನು ಖಾಲಿ ಬಿಟ್ಟು. ನನ್ನ ಮೊದಲ ರಚನೆ. ಶಿಕಾರಿಪುರದ ತಮ್ಮ ಮನೆಯಲ್ಲೇ ಪಾಠ ಹೇಳುತ್ತಿದ್ದ ಸಂಗೀತ ಮೇಷ್ಟ್ರಿಗೆ ನೋಟ್‌ಬುಕ್ ತೋರಿಸಿದೆ. ತಿಂಗಳಾಗುವುದರೊಳಗೆ ಅವರು ಅದನ್ನು ತಮ್ಮದೆಂದೇ ಕ್ಲಾಸಿಗೆಲ್ಲ ಕಲಿಸತೊಡಗಿದರು.

"ಮೇಷ್ಟ್ರೇ, ಅದು ನಂದು."

"ಸ್ವರಕ್ಕೇನು ಪಹಣಿ ಐತೇನೆ? ನಿನ್ನ ಹೆಸರಿಗೆ ಖಾತೆ ಆಗೇತೇನು?"

ಎಲ್ಲರೂ ನಕ್ಕರು. ನಾನು ನೋಟ್‌ಬುಕ್ ಮಡಚಿ ಚೀಲಕ್ಕೆ ತುರುಕಿದೆ. ಖಾಲಿ ಜಾಗದ ಗುಟ್ಟು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಕಾದೆ.

ಸೊರಬದ ಸಂಗೀತ ಸ್ಪರ್ಧೆಯಲ್ಲಿ ನಾವು ಶಿಷ್ಯರೆಲ್ಲ ಅದನ್ನೇ ಹಾಡಿದೆವು. ತೀರ್ಪುಗಾರರಾಗಿದ್ದ ಹಿರಿಯ ಹೆಂಗಸೊಬ್ಬರು, "ನಡುವೆ ನಿಲ್ಸ್ತೀರಲ್ಲ, ಅದು ಎಂತಕ್ಕೆ?" ಎಂದು ಕೇಳಿದರು. ಮೇಷ್ಟ್ರು ಕಣ್ಣು ಮುಚ್ಚಿ, "ಅದು ನಾದಬ್ರಹ್ಮ ಉಸಿರು ಎಳ್ಕೊಳ್ಳೋ ಜಾಗ ಅಮ್ಮಾರೇ. ಧ್ಯಾನದಾಗ ಹೊಳೀತು" ಎಂದರು.

ನಾನು ಸಾಲಿನಿಂದ ಮುಂದೆ ಬಂದೆ. "ಅಲ್ಲ ರೀ. ಅದು ಬಶೀರ್ ಸಾಬ್ರ ಮಷೀನಿನ ಬೆಲ್ಟು ಜಾರೋ ಜಾಗ. ಅಲ್ಲಿ ಹೋಯ್ ಅಂತಾರೆ ಅವ್ರು."

ಮತ್ತೊಮ್ಮೆ ಹಾಡಿ ತೋರಿಸಿದೆ. ಕೇಳಲು ಕೂತಿದ್ದ ರೈತರೆಲ್ಲ ಆ ಜಾಗಕ್ಕೆ ಸರಿಯಾಗಿ "ಹೋಯ್!" ಎಂದು ಕೂಗಿದರು. ಮೇಷ್ಟ್ರ ಮುಖ ಹುಳ್ಳಗಾಯಿತು. ಆಹಾ, ಹೊಟ್ಟೆ ಎಷ್ಟು ತಣ್ಣಗಾಯಿತು! ಮರುದಿನದಿಂದ ಅವರ ಮನೆಯ ಬಾಗಿಲು ನನಗೆ ಮುಚ್ಚಿತು.

ಆದರೂ ಸಾಲಲಿಲ್ಲ. 'ನಿಂದೇ ಕಣೆ' ಎಂದು ಅವರ ಬಾಯಲ್ಲಿ ಬರಲಿಲ್ಲವಲ್ಲ! ಆ ಸಿಟ್ಟಿನಲ್ಲೇ ಇಷ್ಟು ವರ್ಷ ಪಿಟೀಲು, ಮೃದಂಗಗಳಿಗೆ ಕೃತಿ ಕಟ್ಟುತ್ತ ಬಂದೆ. ಹೋದ ವರ್ಷ ಬೆಲ್ಟಿನ ತಾಳವನ್ನೇ ಬೆಳೆಸಿ ದೊಡ್ಡ ಕೃತಿ ಮಾಡಿದೆ. ಬಶೀರ್ ಸಾಬರು ತೀರಿಕೊಂಡಿದ್ದಾರೆ. ಹೊಸ ಮಷೀನುಗಳು ಎಲ್ಲೂ ತಡವರಿಸುವುದಿಲ್ಲ. ಆ "ಹೋಯ್" ಬಲ್ಲ ಸಂಗೀತಗಾರರೆಂದು ಉಳಿದವರು ಮೇಷ್ಟ್ರೊಬ್ಬರೇ. ರೆಕಾರ್ಡಿಂಗ್ ಹಿಡಿದು ನೇರ ಅವರ ಮನೆಗೇ ಹೋದೆ.

ನಾನೇ ಅವರ ಕಿವಿಗೆ ಇಯರ್‌ಫೋನ್ ಹಾಕಿದೆ. ಅವರು ತಲೆದೂಗಿದರು. ಖಾಲಿ ಜಾಗ ಬಂತು, ಆಗಲೂ ದೂಗಿದರು. ಒಳಗಿಂದ ಸೊಸೆ ಬಂದು, "ಮಾವನೋರಿಗೆ ಕಿವಿ ಹೋಗಿ ಎರಡು ವರ್ಷ ಆತು ರೀ" ಎಂದಳು.

"ಭಾಳ ಚಲೋ ಐತಮ್ಮ. ಯಾರ್ದಿದು?" ಎಂದರು ಮೇಷ್ಟ್ರು.

"ನಂದು ಮೇಷ್ಟ್ರೇ, ನಂದು!" ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ಅವರು ತಲೆದೂಗುತ್ತಲೇ ಇದ್ದರು.