ಸಕ್ಕರೆ ಇಲ್ಲದ ಗ್ಲಾಸು

ಡಾಕ್ಟರರು ಹೇಳಿದ್ದು ಇಷ್ಟೇ: "ಶುಗರ್ ಗಡಿಯಲ್ಲಿ ಉಂಟು. ಮೂರು ತಿಂಗಳು ಸಿಹಿ ಬಿಟ್ಟು ನೋಡಿ. ಇಳಿಯದಿದ್ರೆ ಮಾತ್ರೆ ಶುರು ಮಾಡುವ." ನನ್ನ ಎದೆ ಧಸಕ್ಕೆಂದದ್ದು ಕಾಯಿಲೆಯ ಹೆಸರಿಗಲ್ಲ, ಪಕ್ಕದಲ್ಲಿ ಕೂತಿದ್ದ ಗಂಡನ ಮುಖ ನೋಡಿ. ಅವರ ಮುಖ ಊರಗಲವಾಗಿತ್ತು.

ಅವರು ಅದೇ ಮಾತ್ರೆಯನ್ನು ವರ್ಷಗಳಿಂದ ನುಂಗುವವರು. ಹಬ್ಬದ ಊಟದಲ್ಲಿ ಅವರ ಎಲೆಗೆ ಪಾಯಸ ಬೀಳುವ ಮೊದಲೇ ಕೈ ಅಡ್ಡ ಹಿಡಿದವಳು ನಾನು. ಮದುವೆಮನೆಯಲ್ಲಿ ಹೋಳಿಗೆ ಬಡಿಸುವವರು ಹತ್ತಿರ ಬರುತ್ತಿದ್ದಂತೆ ಮೇಜಿನಡಿಯಲ್ಲಿ ಅವರ ಕಾಲು ತುಳಿದವಳೂ ನಾನೇ. ಈಗ ಅವರ ಸರದಿ. ಆಟೋ ಹತ್ತುವಾಗಲೇ, "ಬಾ ಬಾ, ಇನ್ನು ಗೊತ್ತಾಗ್ತದೆ ನಿಂಗೆ" ಎಂದರು. ಏನು ಬಂದರೂ ಸರಿ, ಆ ಮಾತ್ರೆ ನುಂಗಿ ಇವರಿಗೆ ಸೋಲುವವಳಲ್ಲ ನಾನು ಎಂದು ಅಲ್ಲೇ ನಿಶ್ಚಯಿಸಿದೆ.

ಮನೆಯಲ್ಲಿ ಸಿಹಿ ಬಿಡುವುದು ಸುಲಭ. ಕಷ್ಟ ಇದ್ದದ್ದು ಕೆಲಸದ ಜಾಗದಲ್ಲಿ. ಬಂದರಿನ ಒಂದು ಸಗಟು ಅಂಗಡಿಯಲ್ಲಿ ಬಿಲ್ಲು ಬರೆಯುವವಳು ನಾನು. ಖರ್ಜೂರ, ಗೋಡಂಬಿ, ಒಣದ್ರಾಕ್ಷಿಯ ವ್ಯಾಪಾರ. ಯಜಮಾನರನ್ನು ಎಲ್ಲರೂ ಹಾಜಿಯವರೆಂದೇ ಕರೆಯುವುದು. ಅವರ ಅಜ್ಜನ ಕಾಲದಿಂದಲೂ ಅಲ್ಲಿ ಒಂದು ಪದ್ಧತಿ: ಗಿರಾಕಿಗೆ ಮೊದಲು ಶರಬತ್ತು, ಆಮೇಲೆ ರೇಟು. ಗ್ಲಾಸು ಖಾಲಿಯಾಗುವ ತನಕ ಯಾರೂ ಬೆಲೆಯ ಮಾತೆತ್ತುವ ಹಾಗಿಲ್ಲ. ಗಿರಾಕಿಯ ಜೊತೆ ಹಾಜಿಯವರೂ ಕುಡಿಯಬೇಕು, ಬಿಲ್ಲು ಬರೆಯುವ ನಾನೂ ಕುಡಿಯಬೇಕು. "ಬಾಯಿ ಸಿಹಿ ಮಾಡದೆ ಬರೆದ ಬಿಲ್ಲಿನಲ್ಲಿ ಬರ್ಕತ್ ಇಲ್ಲ ಅಕ್ಕ, ಏಳಿಗೆ ಇಲ್ಲ" ಎನ್ನುತ್ತಿದ್ದರು. ಶರಬತ್ತೆಂದರೆ ಅವರ ಮನೆಯಿಂದ ಬರುವ, ಪುನರ್ಪುಳಿ ಎಂಬ ಹುಳಿಹಣ್ಣಿನ ಕೆಂಪು ಪಾನಕ. ಅದರಲ್ಲಿ ಹುಳಿಯನ್ನು ಹುಡುಕಿ ತೆಗೆಯಬೇಕು, ಅಷ್ಟು ಸಕ್ಕರೆ. ವ್ಯಾಪಾರ ಜೋರಾಗಿದ್ದ ದಿನ ನನ್ನ ಹೊಟ್ಟೆ ಕಬ್ಬಿನ ಗಾಣದ ಕೆಳಗಿಟ್ಟ ಪಾತ್ರೆಯಂತಾಗುತ್ತಿತ್ತು.

ಬೇಡ ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಂದರಿನಲ್ಲಿ ಕೊಟ್ಟ ಗ್ಲಾಸನ್ನು ಹಿಂದೆ ತಳ್ಳುವುದು ಎಂದರೆ ಕೊಟ್ಟವರ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಹಾಗಾಗಿ ಕಳ್ಳದಾರಿ ಹಿಡಿದೆ. ಮೊದಲು ಜೀರಿಗೆ ನೀರು ತಂದು ನೋಡಿದೆ, ಬಣ್ಣವೇ ಸಿಕ್ಕಿಸಿಹಾಕುವಂಥದ್ದು. ನೀರುಮಜ್ಜಿಗೆಯಂತೂ ಬೀದಿಯಿಂದಲೇ ಬೆಳ್ಳಗೆ ಕಾಣುತ್ತದೆ. ಕೊನೆಗೆ ಒಣಗಿದ ಪುನರ್ಪುಳಿ ಸಿಪ್ಪೆಯನ್ನೇ ನೀರಲ್ಲಿ ನೆನೆಹಾಕಿ, ಹಿಂಡಿ ಸೋಸಿ, ಚಿಟಿಕೆ ಉಪ್ಪು, ಸ್ವಲ್ಪ ಜೀರಿಗೆ ಪುಡಿ ಸೇರಿಸಿ ಬಾಟಲಿಯಲ್ಲಿ ತಂದೆ. ಅದೇ ಕೆಂಪು, ಅದೇ ಹೊಳಪು, ಸಕ್ಕರೆ ಮಾತ್ರ ಸೊನ್ನೆ. ಗ್ಲಾಸು ತುಂಬಿಸುವ ಕೆಲಸವೂ ನನ್ನದೇ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಮೊದಲ ದಿನ ಹುಳಿಗೆ ಕಣ್ಣು ತಾನಾಗಿ ಮುಚ್ಚಿತು. ವಾರ ಕಳೆಯುವಾಗ ರುಚಿ ಹತ್ತಿತು. ಮಧ್ಯಾಹ್ನದ ಸೆಖೆಯಲ್ಲಿ ಅದು ಗಂಟಲಿಳಿದರೆ ತಲೆಯೇ ತಣ್ಣಗಾಗುತ್ತಿತ್ತು, ಊಟದ ನಂತರದ ತೂಕಡಿಕೆಯೂ ಬಿಟ್ಟುಹೋಯಿತು.

ಒಂದು ದಿನ ಪಂಪ್‌ವೆಲ್ ಕಡೆಯ ಬೇಕರಿಯವರೊಬ್ಬರು ಬಂದರು. ಚೌಕಾಸಿಯಲ್ಲಿ ಮಹಾ ಗಟ್ಟಿ ಆಸಾಮಿ. ಗ್ಲಾಸು ತುಂಬಿಸುವ ಹೊತ್ತಿಗೇ ಫೋನು ಬಂತು. ಮಾತಾಡುತ್ತಲೇ ಟ್ರೇ ಇಟ್ಟೆ, ನನ್ನ ಗ್ಲಾಸು ಅವರ ಕೈಗೆ ಹೋಯಿತು. ನನಗದು ತಿಳಿದದ್ದು ನನ್ನ ನಾಲಿಗೆಗೆ ಸಿಹಿ ತಾಗಿದಾಗ. ತಲೆಯೆತ್ತಿ ನೋಡಿದರೆ ಬೇಕರಿಯವರ ಒಂದು ಕಣ್ಣು ಸಣ್ಣದಾಗಿದೆ. ಅವರು ಗ್ಲಾಸು ನೋಡಿದರು, ಹಾಜಿಯವರನ್ನು ನೋಡಿದರು. ಹಾಜಿಯವರು ತಮ್ಮ ಸಕ್ಕರೆಪಾಕವನ್ನು ಸವಿಯುತ್ತ ನಗುತ್ತಿದ್ದಾರೆ. ಈ ಅಂಗಡಿಯಲ್ಲಿ ತನಗೊಬ್ಬನಿಗೇ ಹುಳಿ ಸಿಕ್ಕಿದೆಯೆಂದರೆ ಕಾರಣ ಇರಲೇಬೇಕು ಎಂದು ಪಾಪ ಆ ಮನುಷ್ಯ ಎಣಿಸಿರಬೇಕು. ಕಷಾಯದ ಹಾಗೆ ಒಂದೇ ಉಸಿರಿಗೆ ಕುಡಿದು ಗ್ಲಾಸು ಕೆಳಗಿಟ್ಟರು.

"ಹಾಜಿಯವರೇ, ನಿಮಗೆ ಗೊತ್ತಾಗಿದೆ ಅಂತ ನನಗೆ ಅಂದಾಜಾಯ್ತು. ಕಳೆದ ಸಲ ಖರ್ಜೂರ ಬೇರೆ ಕಡೆಯಿಂದ ತಗೊಂಡದ್ದು ಹೌದು. ಬೇಜಾರು ಮಾಡ್ಬೇಡಿ ಮಾರಾಯ್ರೆ. ನೀವು ಹೇಳಿದ ರೇಟಿಗೇ ಅಕ್ಕ ಬಿಲ್ಲು ಬರೀಲಿ."

ಹಾಜಿಯವರಿಗೆ ಏನೂ ಗೊತ್ತಿರಲಿಲ್ಲ. ಆದರೆ ಹುಟ್ಟಾ ವ್ಯಾಪಾರಿಯಲ್ಲವೇ? ಗಡ್ಡ ನೀವಿಕೊಂಡು, "ಆಯ್ತು, ಹೋಗ್ಲಿ ಬಿಡಿ" ಎಂದು ಕ್ಷಮಿಸಿಬಿಟ್ಟರು. ನಾನು ಬಿಲ್ಲಿನ ಮೇಲೆ ಬಗ್ಗಿ ನಗು ನುಂಗಿಕೊಂಡೆ.

ಗಿರಾಕಿ ಮೆಟ್ಟಿಲಿಳಿದದ್ದೇ ತಡ, ಹಾಜಿಯವರು ಆ ಗ್ಲಾಸಿನ ತಳಕ್ಕೆ ಬೆರಳು ಮುಟ್ಟಿಸಿ ನೆಕ್ಕಿದರು. "ಅಕ್ಕ, ಇದೆಂತ ಇದು?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಡಾಕ್ಟರು, ಮಾತ್ರೆ, ಗಂಡ ಎಲ್ಲ. ಅವರ ಮುಖ ಬಾಡಿತು. "ಹೇಳ್ಬಾರದಿತ್ತಾ? ಪ್ರೀತಿಯಲ್ಲಿ ಕೊಟ್ಟದ್ದು. ನಿಮ್ಮ ಆರೋಗ್ಯ ಹಾಳಾಗ್ಲಿ ಅಂತ ಕೊಡ್ತೇನಾ ನಾನು?" ಅವರ ಮನಸ್ಸು ನೋಯಿಸಿದೆನಲ್ಲ ಎಂದು ನನಗೂ ಸಂಕಟವಾಯಿತು. ಆದರೆ ಹಾಜಿಯವರ ಬೇಜಾರು ಹೆಚ್ಚು ಹೊತ್ತು ನಿಲ್ಲುವಂಥದ್ದಲ್ಲ. ಮರುದಿನ ಇನ್ನೊಬ್ಬ ಚೌಕಾಸಿಗಾರ ಮೆಟ್ಟಿಲು ಹತ್ತುವುದು ಕಂಡದ್ದೇ ನನ್ನ ಕಡೆ ಬಾಗಿ, "ಅಕ್ಕ, ಇವನಿಗೆ ನಿಮ್ಮದೇ ಕೊಡಿ. ಎಂತ ಹೊರಗೆ ಬರ್ತದೆ ನೋಡುವ" ಎಂದರು.

ಮೂರು ತಿಂಗಳು ಕಳೆದು ಕೊಡಿಯಾಲ್‌ಬೈಲಿನ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಶುಗರ್ ಇಳಿದಿತ್ತು. ಸದ್ಯಕ್ಕೆ ಮಾತ್ರೆ ಬೇಡ ಎಂದರು ಡಾಕ್ಟರರು. ಶಾಲೆಯಲ್ಲಿ ಬಹುಮಾನ ಸಿಕ್ಕಿದ ಮಕ್ಕಳ ಹಾಗೆ ರಿಪೋರ್ಟು ಹಿಡಿದು ಮನೆಗೆ ಓಡಿ, ಮೇಜಿನ ಹತ್ತಿರ ಕೂತಿದ್ದ ಗಂಡನ ಮುಂದೆ ಬಡಿದಿಟ್ಟೆ. ಅವರು ಕನ್ನಡಕ ಹಾಕಿ ಮೇಲಿನಿಂದ ಕೆಳಗಿನವರೆಗೆ ಓದಿದರು. "ಒಳ್ಳೇದಾಯ್ತು" ಎಂದರು. ಸ್ವರದಲ್ಲಿ ಜೀವ ಇರಲಿಲ್ಲ.

"ಎಂತ, ಸೋತದ್ದಕ್ಕೆ ಮುಖ ಸಣ್ಣ ಆಯ್ತಾ?" ಎಂದು ಕೆಣಕಿದೆ.

"ಅದಲ್ಲ ಮಾರಾಯ್ತಿ" ಎಂದು ರಿಪೋರ್ಟು ಮಡಚಿದರು. "ಇಷ್ಟು ವರ್ಷ ಎದುರಲ್ಲಿ ಕೂತು ನನ್ನನ್ನು ಕಾವಲು ಕಾದೆ. ಇನ್ನಾದರೂ ಪಕ್ಕದಲ್ಲಿ ಕೂರ್ತೀಯೇನೋ ಅಂತ ಎಣಿಸಿದ್ದೆ."

ಗೆದ್ದ ಖುಷಿಯೆಲ್ಲ ಒಮ್ಮೆಗೇ ಇಳಿದುಹೋಯಿತು. ನನ್ನ ಕುರ್ಚಿಯನ್ನು ದರದರ ಎಳೆದು ಅವರ ಪಕ್ಕಕ್ಕೆ ಹಾಕಿ, ಭುಜಕ್ಕೆ ಭುಜ ತಾಗಿಸಿ ಕೂತೆ.

"ಸ್ವಲ್ಪ ಆಚೆ ಕೂತ್ಕೊ" ಎಂದರು. "ಸೆಖೆ ಉಂಟು." ಆದರೆ ಅವರೂ ಜರುಗಲಿಲ್ಲ.